ಒಳಜೇಬಿಲ್ಲದ ನೀಲಿ ಅಂಗಿ

ಮೊಕದ್ದಮೆಯ ವಸ್ತುಗಳನ್ನು ಕಾಯುವ ಮುದ್ದೆಮಾಲು ಕೊಠಡಿಯ ಹಿರಿಯ ಅಧಿಕಾರಿಗಳೇ,

ಒಂದು ಕನಸು ಮತ್ತೆ ಮತ್ತೆ ಬೀಳುತ್ತಿದೆ. ನಿಮ್ಮ ಕೊಠಡಿಯಲ್ಲಿ, ಅರಗಿನ ಮುದ್ರೆ ಒತ್ತಿದ ಪೊಟ್ಟಣಗಳ ನಡುವೆ ನಿಂತಿರುತ್ತೇನೆ. ಒಂದನ್ನು ಬಿಚ್ಚಿದರೆ ನೀಲಿ ಅಂಗಿ. ಇನ್ನೊಂದರಲ್ಲೂ ನೀಲಿ ಅಂಗಿ. ಒಳಜೇಬು ಹುಡುಕಲು ಕೈ ಹಾಕಿದರೆ ಒಳಗಿಂದ ಬೇರೊಂದು ಕೈ ನನ್ನ ಕೈ ಹಿಡಿಯುತ್ತದೆ. ಆ ಕೈ ಬೆಚ್ಚಗಿರುತ್ತದೆ.

ಕನಸಿಗೆ ನೀವು ಹೊಣೆಯಲ್ಲ, ಒಪ್ಪಿದೆ. ಆದರೆ ನನ್ನ ಅಕ್ಕನ ಮಗಳ ಮೊಕದ್ದಮೆಯಲ್ಲಿ ನಿಮ್ಮ ಕೊಠಡಿಯಿಂದ ಬಂದ ಅಂಗಿ ಅವಳದಲ್ಲ. ಇದು ಕನಸಲ್ಲ. ತೀರ್ಪು ಬರುವ ಸೋಮವಾರ.

ನಾನು ಆರನೇ ತರಗತಿಯನ್ನು ಎರಡು ಸಲ ಶುರುಮಾಡಿ ಒಂದು ಸಲವೂ ಮುಗಿಸದವಳು. ಕಾನೂನು ತಿಳಿಯದು, ಹೊಲಿಗೆ ತಿಳಿಯುತ್ತದೆ. ಮಾತ್ರೆಗಳನ್ನು ಡಬ್ಬಿಗೆ ತುಂಬುವ ಒಂದು ಕಾರ್ಖಾನೆಯ ಹೆಂಗಸರಿಗೆಲ್ಲ ನೀಲಿ ಮೇಲಂಗಿ ಹೊಲಿಯುವವಳು ನಾನೊಬ್ಬಳೇ. ಮನೆಯಲ್ಲಿ ಗುಬ್ಬಿ ಎಂದು ಕರೆಯುವ ಅಕ್ಕನ ಮಗಳು ಅಲ್ಲೇ ಕೆಲಸಕ್ಕಿದ್ದಳು. ಕೀಲಿ ಕಳೆಯುವುದರಲ್ಲಿ ಅವಳದು ಎತ್ತಿದ ಕೈ. ಅದಕ್ಕೇ ಅವಳ ಅಂಗಿಗೆ ಮಾತ್ರ, ಒಳಗೆ, ಎಡಗಂಕುಳ ಕೆಳಗೆ, ಕಂದು ಬಟ್ಟೆಯ ಒಂದು ಪುಟ್ಟ ಜೇಬನ್ನು ಕೈಯಲ್ಲೇ ಹೊಲಿದಿದ್ದೆ. "ಚಿಕ್ಕಮ್ಮಾ, ನನಗೂ ಒಂದು ಬೀಗ ಹಾಕಿ ಇಟ್ಕೊಂಬಿಡು" ಎಂದು ನಕ್ಕಿದ್ದಳು. ನಾಲ್ಕು ವರ್ಷದ ಹಿಂದೆ ಅಲ್ಲಿನ ಮೇಲ್ವಿಚಾರಕ ಅವಳನ್ನು ದಾಸ್ತಾನು ಕೋಣೆಗೆ ಕರೆದು ಬಾಗಿಲು ಹಾಕಿದ ದಿನ ಅವಳ ಮೈಮೇಲಿದ್ದದ್ದು ಅದೇ ಅಂಗಿ. ಠಾಣೆಯಲ್ಲಿ ಬಿಚ್ಚಿಸಿಕೊಂಡರು. ಮನೆಯ ಕೀಲಿಯೂ ಅದರೊಳಗೇ ಹೋಯಿತು. ಅವತ್ತು ನಾವು ಬೀಗ ಒಡೆದು ಒಳಗೆ ಹೋದೆವು.

ಹೋದ ತಿಂಗಳು ನ್ಯಾಯಾಲಯದಲ್ಲಿ ಗುಮಾಸ್ತರು ಅಂಗಿಯನ್ನು ಎರಡು ಬೆರಳಲ್ಲಿ, ಸತ್ತ ಇಲಿ ಎತ್ತಿದ ಹಾಗೆ ಎತ್ತಿದರು. ಆರೋಪಿಯ ವಕೀಲರು ಕೇಳಿದರು: "ಇದು ನಿನ್ನದೇ ತಾನೆ?" ಹುಡುಗಿ ಕಣ್ಣೆತ್ತಲಿಲ್ಲ. ಯಾರು ತಾನೇ ಎತ್ತುತ್ತಾರೆ? "ಹೌದು" ಎಂದಳು.

"ತೋಳು ಹರೀತು ಅಂದಿದ್ಯಲ್ಲಮ್ಮ. ಎಲ್ಲಿ ಹರಿದಿದೆ, ತೋರಿಸು ನೋಡೋಣ."

ತೋಳು ನೆಟ್ಟಗಿತ್ತು. ಅಂಗಿಯನ್ನು ಮಗ್ಗುಲು ತಿರುಗಿಸಿ, ಒಳಗನ್ನೂ ಹೊರಗೆ ಮಾಡಿ ಎಲ್ಲರಿಗೂ ತೋರಿಸಿದರು. ಮೇಲ್ವಿಚಾರಕನ ಗುರುತು ಯಾವುದೂ ಸಿಕ್ಕಿಲ್ಲ ಎಂಬ ಪ್ರಯೋಗಾಲಯದ ವರದಿಯನ್ನೂ ಓದಿದರು. ಹಿಂದೆ ಯಾರೋ ಕಿಸಕ್ಕೆಂದರು. ನಾನು ನೋಡುತ್ತಿದ್ದದ್ದು ಎಡಗಂಕುಳ ಕೆಳಗೆ. ಅಲ್ಲಿ ಜೇಬಿರಲಿಲ್ಲ. ಎದ್ದು ನಿಂತು "ಸ್ವಾಮಿ, ಅದು ನಮ್ಮ ಮಗೂದಲ್ಲ" ಎಂದೆ. "ಕೂತ್ಕೊಳ್ಳಮ್ಮ, ನೀನು ಸಾಕ್ಷಿಯಲ್ಲ" ಎಂದರು ನ್ಯಾಯಾಧೀಶರು. ಸರಿಯೇ. ಹೊಲಿದವಳು ಸಾಕ್ಷಿಯಲ್ಲ, ತೊಟ್ಟವಳು ನಂಬಿಕೆಗೆ ಯೋಗ್ಯಳಲ್ಲ, ಪೊಟ್ಟಣವೊಂದೇ ಸತ್ಯವಂತ!

ಹಾಗಾದರೆ ಆ ಅಂಗಿ ಯಾರದು? ಹೊಲಿಗೆ ನನ್ನದೇ, ಕಾಲರಿನ ಜೋಡಿ ಹೊಲಿಗೆ ದೂರದಿಂದಲೂ ಗೊತ್ತಾಗುತ್ತದೆ. ಹೊಸದೂ ಅಲ್ಲ, ಮೊಣಕೈ ಸವೆದಿತ್ತು. ಎರಡನೇ ಗುಂಡಿ ಇರಲಿಲ್ಲ. ಗುಂಡಿ ತಾನಾಗಿ ಬಿದ್ದರೆ ದಾರದ ಎಳೆ ಉಳಿಯುತ್ತದೆ. ಯಾರಾದರೂ ಜಗ್ಗಿ ಕಿತ್ತರೆ ಬಟ್ಟೆಯೂ ಕಿತ್ತು ಬರುತ್ತದೆ. ಅಲ್ಲಿ ಬಟ್ಟೆಯೂ ಕಿತ್ತಿತ್ತು. ಅಂದಮೇಲೆ ಅದೇ ಕಾರ್ಖಾನೆಯ ಇನ್ನೊಬ್ಬಳ ಅಂಗಿಯೂ ನಿಮ್ಮ ಕಪಾಟು ಸೇರಿದೆ ಎಂದಾಯಿತು. ಅವಳು ಯಾರು? ಅವಳ ದೂರು ಎಲ್ಲಿದೆ? ನನ್ನ ಮುಂದೆ ಕೈ ಚಾಚಿ ಅಳತೆ ಕೊಟ್ಟವಳೇ ಇರಬೇಕು. ಈಗ ಆ ಹೆಂಗಸರು ಅಳತೆಗೆ ಬಂದಾಗ ಒಬ್ಬೊಬ್ಬಳ ಮುಖ ನೋಡುತ್ತೇನೆ. ಅಳತೆ ಬರೆದುಕೊಳ್ಳಲು ಮರೆತು ಮತ್ತೆ ಟೇಪು ಹಿಡಿಯುತ್ತೇನೆ.

ಸರ್ಕಾರಿ ವಕೀಲರಿಗೆ ಹೇಳಿದೆ. "ಹುಡುಗಿ ಹೌದು ಅಂದಾಯ್ತಲ್ಲಮ್ಮ. ಈಗ ಅಲ್ಲ ಅಂದ್ರೆ ಅವಳೇ ಸುಳ್ಳಿ ಆಗ್ತಾಳೆ" ಎಂದರು. ನಿಮ್ಮ ಕಚೇರಿಯ ಒಂದನೇ ಕಿಟಕಿ ಮೂರಕ್ಕೆ ಕಳಿಸಿತು, ಮೂರನೆಯದು ಊಟಕ್ಕೆ ಹೋಗಿತ್ತು, ಬಂದಮೇಲೆ ಒಂದಕ್ಕೆ ಕಳಿಸಿತು. ಅಕ್ಕನೂ ಬೈದಳು: "ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗೋಳು ನೀನು. ನಿನ್ನ ಮಾತು ಯಾರು ಕೇಳ್ತಾರೆ?" ನಿಜ. ಜೇಬನ್ನು ಬೇರೆ ಅಂಗಿಗೆ ಹೊಲಿದೆನೇನೋ ಎಂದು ನನಗೇ ಅನುಮಾನ ಬಂದದ್ದೂ ಉಂಟು. ನಾನು ತಪ್ಪಿದ್ದರೆ ನನಗಿಂತ ಖುಷಿಪಡುವವರಿಲ್ಲ.

ಹುಡುಗಿಯ ಹೆಸರು ಬರೆಯಬಾರದೆಂಬ ಕಾನೂನಿದೆಯಂತೆ, ನಾನು ಬರೆದಿಲ್ಲ. ನಿಮ್ಮ ನ್ಯಾಯಾಲಯದ ಜವಾನರು ಮಾತ್ರ ವರಾಂಡದಲ್ಲಿ, ತಂದೆಯ ಹೆಸರಿನ ಸಮೇತ, ಮೂರು ಸಲ ಕೂಗಿದರು. ಆರೋಪಿಯ ಕಡೆಯವರು ಕೂತ ಬೆಂಚಿನ ತುದಿಯಲ್ಲೇ ಅವಳು ನಾಲ್ಕು ವರ್ಷ ಕೂತಿದ್ದಾಳೆ. ಬೇರೆ ಬೆಂಚಿಲ್ಲವಂತೆ. ನಡೆದದ್ದನ್ನು ಏಳು ಸಲ ಏಳು ಮಂದಿಗೆ ಹೇಳಿದ್ದಾಳೆ. ಏಳರಲ್ಲಿ ಒಬ್ಬರಾದರೂ "ನಿನ್ನ ಅಂಗಿಗೆ ಗುರುತೇನಮ್ಮ?" ಎಂದು ಕೇಳಬಾರದಿತ್ತೇ? ಪೊಟ್ಟಣ ಕಟ್ಟುವಾಗ ಒಮ್ಮೆ, ಬಿಚ್ಚುವ ಮುಂಚೆ ಒಮ್ಮೆ, ಬೇರೆ ಕೋಣೆಯಲ್ಲಿ, ಮನೆಯ ಹೆಂಗಸೊಬ್ಬಳು ಪಕ್ಕದಲ್ಲಿರುವಾಗ ಗುರುತು ಹಿಡಿಸಿದರೆ ನ್ಯಾಯದ ಗಂಟೇನು ಹೋಗುತ್ತದೆ?

ಸೋಮವಾರಕ್ಕೆ ಮುಂಚೆ ನಿಮ್ಮ ಕೊಠಡಿಯಲ್ಲಿರುವ ನೀಲಿ ಅಂಗಿಗಳನ್ನೆಲ್ಲ ನ್ಯಾಯಾಧೀಶರ ಎದುರು ತೆಗೆಸಿ. ಒಂದರಲ್ಲಿ ಕಂದು ಜೇಬಿರುತ್ತದೆ. ಜೇಬಿನಲ್ಲಿ ಕೀಲಿ ಇರುತ್ತದೆ. ಪೊಲೀಸರ ಪಟ್ಟಿಯಲ್ಲಿ ಕೀಲಿಯಿಲ್ಲ, ಏಕೆಂದರೆ ಯಾರೂ ಅಷ್ಟು ಒಳಗೆ ನೋಡಲಿಲ್ಲ. ಒಡೆದ ಬೀಗ ನನ್ನ ಯಂತ್ರದ ಡ್ರಾದಲ್ಲಿದೆ. ಕೊಂಡಿ ಮುರಿದಿದೆ, ಕೀಲಿ ಮಾತ್ರ ಈಗಲೂ ತಿರುಗೀತು. ತರುತ್ತೇನೆ. ಆಮೇಲೆ, ಗುಂಡಿ ಕಿತ್ತ ಅಂಗಿಯವಳನ್ನು ಹುಡುಕಿಸಿ. ಅವಳು ಇನ್ನೂ ಅಲ್ಲೇ, ಆ ಮೇಲ್ವಿಚಾರಕನ ಕೈಕೆಳಗೇ ಕೆಲಸ ಮಾಡುತ್ತಿರಬಹುದು.

ಇಂತಿ,
ಸಾಕ್ಷಿಯಲ್ಲದ, ಸುಮ್ಮನಿರಲೂ ಬಾರದ
ಹುಡುಗಿಯ ಚಿಕ್ಕಮ್ಮ

ಒಂದು ಮಾತು ಬಿಟ್ಟುಹೋಯಿತು. ಎಡ ಎಂದರೆ ತೊಟ್ಟವರ ಎಡ. ಅಂಗಿಯನ್ನು ಮೇಜಿನ ಮೇಲೆ ಅಂಗಾತ ಹರಡಿದರೆ ನೋಡುವವರಿಗೆ ಅದು ಬಲಕ್ಕೆ ಬರುತ್ತದೆ. ಎಡಕ್ಕೆ ನೋಡಿ ಇಲ್ಲವೆಂದು ಮಡಿಚಿಬಿಡಬೇಡಿ. ದಯವಿಟ್ಟು ಬಲಗಡೆ ಇನ್ನೊಮ್ಮೆ ನೋಡಿ.