ಮಾಸ್ತರನ್ನು ಒಯ್ದ ನರಿ

ಶನಿವಾರ, ೨೩ ಆಗಸ್ಟ್ ೨೦೨೫

ಚನ್ನವೀರಗೌಡರ ನಗು ಇನ್ನೂ ಕಿವಿಯಿಂದ ಇಳಿದಿಲ್ಲ. ನಮ್ಮ ಹೈಸ್ಕೂಲಿನ ಪೋಷಕರ ಸಮಿತಿಗೆ ಅವರೇ ಅಧ್ಯಕ್ಷರು. ಇದ್ದೊಬ್ಬ ಗಣಿತದ ಮಾಸ್ತರನ್ನು ತಮ್ಮ ಮೊಮ್ಮಗ ಓದುವ ಶಿರಸಿಯ ಶಾಲೆಗೆ ನಿಯೋಜನೆ ಮಾಡಿಸಿದವರೂ ಅವರೇ. ನನ್ನ ಮಗಳು ಸ್ಫೂರ್ತಿ ಈ ವರ್ಷ ಹತ್ತನೆಯ ತರಗತಿ. ಮಾಸ್ತರು ಯಾವಾಗ ತಿರುಗಿ ಬರುತ್ತಾರೆಂದು ಇವತ್ತಿನ ಸಭೆಯಲ್ಲಿ ಎದ್ದುನಿಂತು ಕೇಳಿದೆ.

“ಏ ಬಸಣ್ಣ, ಕತಿ ಹೇಳಾಂವ ನೀ. ಲೆಕ್ಕದ ಉಸಾಬರಿ ನಿನಗ್ಯಾಕೋ?” ಎಂದು ನಕ್ಕರು. ಎಲ್ಲರೂ ನಕ್ಕರು.

ಆಯಿತು, ಕತೆಯನ್ನೇ ಹೇಳೋಣ ಎಂದುಕೊಂಡೆ. ಸಂಜೆ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಮಕ್ಕಳನ್ನು ಕೂಡಿಸಿ, ಊರಿನ ಒಂದೇ ದೀಪವನ್ನು ತನ್ನ ಗವಿಗೆ ಒಯ್ದ ನರಿಯ ಕತೆ ಕಟ್ಟಿದೆ. ಕೂರುವ ಮೊದಲು ಟವೆಲಿನಿಂದ ಕುರ್ಚಿ ಜಾಡಿಸುವ, ಮಾತಿಗೊಮ್ಮೆ ‘ತಿಳೀತಿಲ್ಲೋ?’ ಎನ್ನುವ ನರಿ. ಹೆಸರು ಹೇಳಲಿಲ್ಲ. ಮಕ್ಕಳ ಹಿಂದೆ ನಿಂತು ಹೂಂಗುಟ್ಟುತ್ತಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಊಟಕ್ಕೆ ಕೂರುವಷ್ಟರಲ್ಲಿ ಗೌಡರೇ ಬಾಗಿಲಿಗೆ ಬಂದರು. “ಬಸಣ್ಣ, ಆ ಕತಿ ನಿಲ್ಸಪಾ. ಹುಡುಗ್ರು ನನ್ನ ಕಂಡ್ರ ಊಳಿಡಾಕತ್ತಾವು.”

“ಅರ್ಧಕ್ಕ ಬಿಟ್ರ ಹೇಳಿದಾಂವಗ ಪಾಪ ಬರ್ತೈತ್ರಿ, ಗೌಡ್ರ. ಮಾಸ್ತರು ತಿರುಗಿ ಬಂದ ದಿನ ಮುಗಸ್ತೀನ್ರಿ,” ಎಂದೆ.

ನಾಳೆ ಸಂಜೆ ನರಿಯ ಬಾಲಕ್ಕೆ ಬೆಂಕಿ ಹತ್ತುತ್ತದೆ. ನಾಡಿದ್ದು ಮೀಸೆಗೆ. ಅದರ ಮರುದಿನ...