ಮೂರು ದಾರಿಯ ನಿಂಬೆಹಣ್ಣು

ಅರಸೀಕೆರೆ, ಮಂಗಳವಾರ

ಸೋದರತ್ತೆಗೆ ಮೇಧಿನಿಯ ನಮಸ್ಕಾರ.

ಹೊಸ ಊರಿನಲ್ಲಿ ನಾಲ್ಕು ಜನರ ಪರಿಚಯವಾಗಲಿ ಎಂದು ಮೊನ್ನೆ ಭಾನುವಾರ ಬಡಾವಣೆಯವರ ಜೊತೆ ಬೀದಿಯ ಕಸ ಆಯಲು ಹೋಗಿದ್ದೆ; ಪ್ರತಿ ಭಾನುವಾರವೂ ಅವರು ಹೀಗೆ ಆಯುತ್ತಾರೆ. ಗುಟ್ಕಾ ಚೀಟಿ, ಹಾಲಿನ ಕವರ್, ಎಳನೀರು ಬುರುಡೆ ಎಲ್ಲವನ್ನೂ ಉತ್ಸಾಹದಿಂದ ಎತ್ತಿದರು. ಮೂರು ದಾರಿ ಕೂಡುವಲ್ಲಿ ಯಾರೋ ದೃಷ್ಟಿ ತೆಗೆದು ಎಸೆದಿದ್ದ ನಿಂಬೆಹಣ್ಣು, ಮೆಣಸಿನಕಾಯಿ ಬಿದ್ದಿದ್ದವು. ಅವುಗಳ ಸುತ್ತ ಮಾತ್ರ ಅಚ್ಚುಕಟ್ಟಾಗಿ ಗುಡಿಸಿ ಮುಂದೆ ಹೋದರು. ಕೈಗವಸು ಇದೆಯಲ್ಲ ಎಂದು ನಾನು ಅವನ್ನೂ ಎತ್ತಿ ಚೀಲಕ್ಕೆ ಹಾಕಿದೆ. ಚಪ್ಪಾಳೆ ಬೀಳಬಹುದು ಅಂದುಕೊಂಡಿದ್ದೆ. ಪಕ್ಕದಲ್ಲಿದ್ದವರು ದೂರ ಸರಿದರು.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಮನೆ ಓನರ್ ರುದ್ರಮ್ಮನವರು ಗೇಟಿನಲ್ಲೇ ತಡೆದು, “ಅದನ್ನ ಮುಟ್ತಾರೇನವ್ವಾ? ಒಳಕ್ಕೆ ಬರಬ್ಯಾಡ, ಅಲ್ಲೇ ನಿಂತ್ಕೋ” ಎಂದು ತಲೆಯ ಮೇಲೆ ಎರಡು ಕೊಡ ತಣ್ಣೀರು ಸುರಿದರು. ಈಗ ಶೀತ, ಸಣ್ಣ ಜ್ವರ. “ನೋಡ್ದೇನವ್ವಾ, ತಗುಲ್ಕೊಂಡೈತೆ” ಎಂದು ಅವರೇ ನಿನ್ನೆ ಸಂಜೆ ನನಗೆ ನಿಂಬೆಹಣ್ಣು ನಿವಾಳಿಸಿ, ಅದೇ ಮೂರು ದಾರಿಯಲ್ಲಿ ಹಾಕಿ ಬಂದರು.

ಮಾತ್ರೆ ನುಂಗಿದ್ದೇನೆ, ಗಾಬರಿ ಬೇಡ. ಭಾನುವಾರದೊಳಗೆ ಗುಣವಾಗಲೇಬೇಕು. ಆ ನಿಂಬೆಹಣ್ಣನ್ನು ಎತ್ತುವವಳು ಈ ಬಡಾವಣೆಯಲ್ಲಿ ನಾನೊಬ್ಬಳೇ.

ಮೇಧಿನಿ