ಗೆರೆಯ ಹೊರಗಿನ ಹೆಂಗಸು

ಮಾರ್ಚ್ ೧೨, ಗುರುವಾರ

ಆ ದನಿ ಕಿವಿಯಿಂದ ಹೋಗುತ್ತಲೇ ಇಲ್ಲ. ಬೆಳಿಗ್ಗೆ ಪಿಎಚ್‌ಡಿ ಗೈಡ್‌ಗೆ, ವಲಸೆ ಬಂದ ನಮ್ಮವರ ವಾಲಿಬಾಲ್ ಪಂದ್ಯದ ರೆಕಾರ್ಡಿಂಗ್ ಕೇಳಿಸಿದೆ. ಗದ್ದಲದ ನಡುವೆ ಒಬ್ಬ ಹೆಂಗಸು ನಮ್ಮ ಭಾಷೆಯಲ್ಲಿ ಕಿರುಚುತ್ತಾಳೆ: "ಏ ರೆಫ್ರಿ, ಕಣ್ಣು ಮನೇಲಿಟ್ಟು ಬಂದ್ಯೇನೋ!"

ಗೈಡ್‌ಗೆ ಆ ಭಾಷೆ ಬಾರದು. ಆದರೂ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ಇಂಗ್ಲಿಷಿನಲ್ಲಿ ಅಂದರು: "ಇವರೇ ಕಣ್ರೀ ನಿಮ್ಮ ಪ್ರಬಂಧದ ಜೀವ. ಸೋಮವಾರದೊಳಗೆ ಇವರ ಸಂದರ್ಶನ ಮಾಡ್ಕೊಂಡು ಬನ್ನಿ." ಹೂಂ ಅಂದುಬಿಟ್ಟೆ.

ಯಾರೆಂದು ಹುಡುಕಲಿ? ಊಟಕ್ಕೆ ಕೂತಾಗ ತಂಗಿಗೆ ಕೇಳಿಸಿದರೆ ಅವಳು ತುತ್ತು ನೆತ್ತಿಗೇರುವಷ್ಟು ನಕ್ಕಳು. "ಅಕ್ಕಾ, ಅದು ನೀನೇ ಕಣೇ!"

ಮತ್ತೆ ಹಾಕಿ ಕೇಳಿದೆ. ಹೌದು, ನಾನೇ. 'ಸಂಶೋಧಕಿ ಗೆರೆಯ ಹೊರಗೆ ನಿಂತು ಮೌನವಾಗಿ ಗಮನಿಸಿದಳು' ಎಂದು ಮೊದಲ ಅಧ್ಯಾಯದಲ್ಲೇ ಬರೆದಿದ್ದೇನೆ. ಗೈಡ್ ಅದನ್ನು ಮೆಚ್ಚಿ ಅಡಿಗೆರೆ ಬೇರೆ ಎಳೆದಿದ್ದಾರೆ. ಸೋಮವಾರ ಯಾವ ಮುಖ ಹೊತ್ತು ಹೋಗಲಿ?

ಆದದ್ದಾಗಲಿ ಎಂದು ನನ್ನನ್ನೇ ಸಂದರ್ಶನ ಮಾಡಲು ಕೂತೆ. ಮೊದಲ ಪ್ರಶ್ನೆ: 'ನಿಮ್ಮದು ಅಂತ ಅನ್ನಿಸುವ ಊರು ಯಾವುದು?' ಇದನ್ನು ಕೇಳಿದಾಗಲೆಲ್ಲ ಆಟಗಾರರು ನೀರು ಕುಡಿದು ಬರುತ್ತೇನೆಂದು ಎದ್ದು ಹೋಗುತ್ತಿದ್ದರು. ಆಡಿ ದಣಿದಿದ್ದಾರೆ, ಬಾಯಾರಿಕೆ ಎಂದುಕೊಂಡಿದ್ದೆ.

ನಾನೂ ಆಗಲೇ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ.